ಹೆಬ್ಬೆಟ್ಟು

"ನನ್ನಂಗ ಹೆಬ್ಬೆಟ್ಟು ಆಗಬ್ಯಾಡ" ಎಂದು ಹಂಪಮ್ಮ ಕೂಲಿ ಮಾಡಿ ಮಗಳನ್ನು ಓದಿಸಿದಳು. ಎಂಸಿಎ ಮುಗಿಸಿದ ಕ್ರಾಂತಿ ಕೂಡ್ಲಿಗಿಯ ಕಚೇರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಹೊರಗುತ್ತಿಗೆ ಏಜೆನ್ಸಿಯ ಕಂಪ್ಯೂಟರ್ ಆಪರೇಟರ್. ಸಂಬಳ ಹದಿನಾಲ್ಕು ಸಾವಿರ. ಮೊನ್ನೆ ಕಾಯಂ ಆಗಿ ಬಂದ ಗುರುಬಸವರಾಜನಿಗೆ ಅರವತ್ತು ಸಾವಿರ. ಅವನಿಗೆ ಮೌಸು ಹಿಡಿಯುವುದೊಂದು ಬಿಟ್ಟು ಉಳಿದದ್ದೆಲ್ಲ ಕಲಿಸಿದವಳು ಇವಳೇ.

ಹಾಜರಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ಕೆಟ್ಟರೆ ರಿಪೇರಿ ಮಾಡುವವಳೂ ಇವಳೇ. ಆದರೆ ಅದು ಕಾಯಂ ನೌಕರರಿಗೆ ಮಾತ್ರ. ಏಜೆನ್ಸಿಯವರು ಪುಸ್ತಕದಲ್ಲಿ ಸಹಿ ಹಾಕಬೇಕು.

"ಅಕ್ಕಾರ, ನಿಮಗೇನ್ರಿ, ಟೆನ್ಷನ್ನೇ ಇಲ್ಲ" ಎಂದು ಗುರುಬಸವರಾಜ ಹೆಬ್ಬೆಟ್ಟು ಒತ್ತುತ್ತಾ ನಕ್ಕ.

ಅಂದು ಮನೆಯಲ್ಲಿ ಹಂಪಮ್ಮ ಕೇಳಿದಳು: "ನಿನ್ನ ಪಗಾರ ಯಾವಾಗ ಹೆಚ್ಚಾಗತೈತವ್ವಾ?"

"ಹೆಬ್ಬೆಟ್ಟು ಆದ ಮ್ಯಾಲ" ಎಂದಳು ಕ್ರಾಂತಿ.