ತೂಕಕ್ಕೆ ಮೊದಲೇ ಕೊಯ್ದ ಮೀನು

ನನ್ನ ವಿಸಿಟ್ ವೀಸಾ ಮುಗಿಯಲು ಐದು ದಿನ ಉಳಿದಿತ್ತು. ಮಗಳ ಹೆರಿಗೆಗೆ ಇನ್ನೂ ಮೂರು ವಾರ. ವೀಸಾ ಮುಂದುವರಿಸಬೇಕಾದರೆ ಅಳಿಯ ಅರ್ಧ ದಿನ ರಜೆ ಹಾಕಿ, ಅರ್ಜಿಗೆ ಸಹಿ ಮಾಡಿ ತಾನೇ ವೀಸಾ ಕಚೇರಿಗೆ ಹೋಗಬೇಕು. ಕೇಳಿದಾಗಲೆಲ್ಲ ‘ನೋಡುವ’ ಎನ್ನುತ್ತಿದ್ದ. ತೊಂಬತ್ತರ ದಶಕದ ನಡುವಿನ ಮಾತು ಇದು. ದೋಹಾದ ಬಿನ್ ಒಮ್ರಾನ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅವನ ಕಾಲಿಗೆ ಅಡ್ಡ ಸಿಗದಂತೆ ನಾನು ಓಡಾಡಿಕೊಂಡಿದ್ದೆ.

ಆ ಶುಕ್ರವಾರ ಅಳಿಯನ ಕ್ಲಬ್ಬಿನವರು ಅಲ್ ಖೋರ್ ಊರಿನ ಆಚೆಯ ಕಡಲ ದಡದಲ್ಲಿ ಗಾಳದ ಪಂದ್ಯ ಇಟ್ಟಿದ್ದರು. ಎಲ್ಲರೂ ಗುರುತಿನವರೇ, ಬಹುಮಾನ ಒಂದು ಕಪ್. ಆದರೂ ಅಳಿಯ ಹಿಂದಿನ ಮೂರು ವರ್ಷವೂ ಬರಿಗೈಯಲ್ಲಿ ಬಂದು ನಗೆಪಾಟಲಾಗಿದ್ದನಂತೆ. ಈ ಸಲ ಒಂದು ವಾರದಿಂದ ಗಾಳ, ದಾರ ಬಿಟ್ಟು ಬೇರೆ ಮಾತಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅವನು ದಡದ ಮೇಲೆ ಕೂತಿದ್ದ ನನ್ನ ಬಳಿಗೆ ಓಡಿ ಬಂದ. ಕೈಯಲ್ಲಿ ಒಂದು ಹಮೂರ್, ನಮ್ಮೂರಿನ ಮುರು ಮೀನಿನ ಜಾತಿಯದು, ಮೊಳದಷ್ಟು ಉದ್ದ. ಅವನು ಅಷ್ಟು ನಕ್ಕದ್ದನ್ನು ನಾನು ನೋಡಿದ್ದೇ ಅವತ್ತು. ನನ್ನ ಪಕ್ಕದ ಬಕೆಟಿನಲ್ಲಿ ಅದನ್ನು ಹಾಕಿ, ಹನ್ನೆರಡು ಗಂಟೆಯವರೆಗೆ ಸಮಯ ಉಂಟು ಎಂದು ಮತ್ತೆ ನೀರಿನ ಕಡೆ ಓಡಿದ. ಮಗಳು ಕಾರಿನಲ್ಲಿ ಮಲಗಿದ್ದಳು.

ಐಸ್ ಪೆಟ್ಟಿಗೆಯ ತುಂಬ ಪೆಪ್ಸಿ. ಬಕೆಟಿನಲ್ಲಿ ನೀರಿಲ್ಲ, ಮೇಲೆ ನೆರಳಿಲ್ಲ. ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದ ನನಗೆ, ಅಂಥ ಬಿಸಿಲಿಗೆ ಕರುಳು ಇರುವ ಮೀನಿನ ಗತಿ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕಲ್ಲಂಗಡಿ ಕೊಯ್ಯಲು ತಂದಿದ್ದ ಚೂರಿ ತೆಗೆದುಕೊಂಡು ಹೊಟ್ಟೆ ಸೀಳಿದೆ, ಕಿವಿರು ಕಿತ್ತೆ, ಎಲ್ಲವನ್ನೂ ಕಡಲಹಕ್ಕಿಗಳಿಗೆ ಎಸೆದೆ. ಮೀನು ತೊಳೆದು, ಪೆಪ್ಸಿ ಹೊರಗಿಟ್ಟು, ಐಸಿನ ಮೇಲೆ ಮಲಗಿಸಿದೆ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ.

ಮಗಳು ಎದ್ದು ಬಂದವಳೇ ಪೆಟ್ಟಿಗೆ ನೋಡಿ ತಲೆಗೆ ಕೈ ಹಚ್ಚಿದಳು.

“ಅಮ್ಮಾ, ಎಂತ ಮಾಡಿದ್ದು ನೀನು? ಅದನ್ನು ಇನ್ನು ತೂಗ್ಲಿಕ್ಕುಂಟು!”

“ತೂಗಲಿ. ಯಾರು ಬೇಡ ಅಂದದ್ದು?”

“ಯಾರ ಮೀನು ಹೆಚ್ಚು ತೂಗ್ತದೋ ಅವರಿಗೆ ಕಪ್ ಮಾರಾಯ್ತಿ! ನೀನು ಅರ್ಧ ಮೀನು ಹಕ್ಕಿಗೆ ಹಾಕಿದ್ದಿ!”

ನಾನು ತಕ್ಕಡಿ ಮುಟ್ಟಿದವಳಲ್ಲ. ನಮ್ಮಲ್ಲಿ ಸಣ್ಣ ಮೀನು ಲೆಕ್ಕಕ್ಕೆ, ದೊಡ್ಡದು ಕಣ್ಣಳತೆಗೆ. ಮೀನಿನ ಕರುಳಿಗೂ ಬೆಲೆ ಇದೆಯೆಂದು ನನಗೆ ಹೊಳೆಯಲೇ ಇಲ್ಲ. ಈಗ ಹೊಳೆಯಿತು. ಕೂಡಲೇ ವೀಸಾ ನೆನಪಾಯಿತು. ಈ ಗಂಡಸಿಗೆ ಇವತ್ತು ಸಿಟ್ಟು ಬಂದರೆ ಬುಧವಾರ ನಾನು ವಿಮಾನದಲ್ಲಿ. ಇವಳ ಹೆರಿಗೆಗೆ ಯಾರು? ಪಕ್ಕದ ಫ್ಲ್ಯಾಟಿನವರೂ ಊರಿಗೆ ಹೋಗಿದ್ದರು.

“ಹೊಟ್ಟೆಗೆ ಐಸ್ ತುಂಬಿಸುವ,” ಎಂದಳು ಮಗಳು, ದನಿ ತಗ್ಗಿಸಿ. “ಸೀಳಿದ್ದನ್ನು ಮುಚ್ಚಿ ಹಿಡಿದರೆ ಗೊತ್ತಾಗುವುದಿಲ್ಲ.”

ಐಸಿನ ಚೂರನ್ನು ಕೈಗೆ ತೆಗೆದುಕೊಂಡದ್ದು ಹೌದು, ಸುಳ್ಳು ಹೇಳುವುದಿಲ್ಲ. ಆದರೆ ಸಿಕ್ಕಿಬಿದ್ದರೆ ಮಾನ ಹೋಗುವುದು ಅಳಿಯನದು. ಎಸೆದುಬಿಟ್ಟೆ. ಆಮೇಲೆ ಹನ್ನೆರಡರವರೆಗೆ, ದಡದಲ್ಲಿ ಅವನ ಬೆನ್ನು ಕಂಡಾಗಲೆಲ್ಲ ಅವನು ಇನ್ನೊಂದು ದೊಡ್ಡ ಮೀನು ಹಿಡಿಯಲಿ ಎಂದು ಹರಕೆ ಹೊತ್ತೆ. ಹಿಡಿಯಲಿಲ್ಲ.

ತೂಗುವವರು ಧಾರವಾಡದ ಕಡೆಯವರು, ಗ್ಯಾಸ್ ಕಂಪನಿಯಲ್ಲಿ ಕೆಲಸ. ಅಳಿಯ ಬಂದು ಪೆಟ್ಟಿಗೆ ತೆರೆಯುವ ಮೊದಲೇ ನಾನು ಮೀನನ್ನು ಎತ್ತಿಕೊಂಡು ಹೋಗಿ ಅವರ ಮುಂದೆ ಇಟ್ಟೆ.

“ಏನ್ರೀ ಅಜ್ಜಿ, ಇದರ ಹೊಟ್ಟಿ ಎಲ್ಲಿ ಹೋತ್ರಿ?”

“ನಾನು ಕೊಯ್ದೆ. ಅವನಿಗೆ ಗೊತ್ತಿಲ್ಲ. ತಪ್ಪು ನನ್ನದು.”

“ಖಲಾಸ್! ಮಸಾಲಿ ಅಷ್ಟ ಬಾಕಿ ಉಳದೈತಿ ನೋಡ್ರಪಾ!” ಎಂದು ಅವರು ಕೂಗಿದ್ದಕ್ಕೆ ಸುತ್ತಲಿದ್ದವರೆಲ್ಲ ನಕ್ಕರು. ಅಳಿಯ ನಗಲಿಲ್ಲ. ಇದ್ದ ಹಾಗೆಯೇ ತೂಗಿದರು. ಎರಡನೆಯ ಸ್ಥಾನ. ಮೊದಲು ಬಂದ ಮೀನು ನೂರು ಗ್ರಾಂ ಮಾತ್ರ ಮೇಲೆ. ಹಕ್ಕಿ ತಿಂದದ್ದು ಅದಕ್ಕಿಂತ ಹೆಚ್ಚೆಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ದೋಹಾಕ್ಕೆ ಮರಳಿ ಆ ಮೀನಿನ ಸಾರು ಮಾಡಿದೆ. ರಾತ್ರಿ ಅವನು ಅದನ್ನು ಮುಟ್ಟಲಿಲ್ಲ.

ಶನಿವಾರ ಬೆಳಿಗ್ಗೆ ಬೂಟು ಹಾಕುತ್ತಾ, ಮುಖ ಎತ್ತದೆ, “ಅತ್ತೆ, ನಿಮ್ಮ ಪಾಸ್‌ಪೋರ್ಟ್ ಕೊಡಿ,” ಎಂದ.

ತಂದು ಕೊಟ್ಟೆ. ಟಿಕೆಟ್ ಮಾಡಿಸಲಿಕ್ಕೇ ಎಂದು ಖಾತ್ರಿಯಾಯಿತು. ಅವನು ಹೋದ ಮೇಲೆ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿದೆ. ಮಗಳಿಗೆ ನೋವು ಬಂದರೆ ಏನೇನು ಮಾಡಬೇಕೆಂದು ಹೇಳಿದೆ, ಅವಳು ಕೇಳಲೊಲ್ಲದೆ ಅತ್ತಳು. ಮಧ್ಯಾಹ್ನ ಇಬ್ಬರೂ ಉಣ್ಣಲಿಲ್ಲ.

ಅವನು ನಾಲ್ಕು ಗಂಟೆಗೆ ಬಂದು ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟ.

“ಇನ್ನೊಂದು ತಿಂಗಳು ಸಿಕ್ಕಿತು. ಆದರೆ ನನ್ನ ಸಿಟ್ಟು ಹೋಗಲಿಲ್ಲ, ಗೊತ್ತಿರಲಿ.”

“ಇರಲಿ, ಇಟ್ಟುಕೋ. ಮೊದಲು ಊಟ ಮಾಡು.”

ಅವನು ಕೈ ತೊಳೆಯಲು ಹೋದ. ನಾನು ಪಾಸ್‌ಪೋರ್ಟ್ ತೆರೆದು ಹೊಸ ಮುದ್ರೆ ನೋಡಿದೆ. ಅರಬಿ ಅಕ್ಷರ ನನಗೆ ಬಾರದು. ಮಗಳನ್ನು ಕರೆದು ಓದಿಸಿದೆ, ತಾರೀಕನ್ನು ಎರಡು ಸಲ ಹೇಳಿಸಿದೆ. ಆಮೇಲೆ ಅನ್ನಕ್ಕೆ ನೀರಿಟ್ಟೆ.