ಪದ್ದಣ್ಣ ಕೈಮುಗಿದರೆ

ಪದ್ದಣ್ಣ ಸುಮ್ಮನೆ ಕೈಮುಗಿದು ನಿಂತರೂ ಅಹಮದಾಬಾದಿನ ಜನ ನಗುತ್ತಿದ್ದರು. ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಹೋದಾಗ ದಂತವೈದ್ಯರು ಮೊದಲು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಬಾಯಿ ತೆರೆಸಿದರಂತೆ. "ಎಂತ ಮಾಡುದ್ ಮಾರಾಯ್ರೆ, ನೋವಿತ್ತ್ ಅಂದ್ರೆ ಇನ್ನೊಂದ್ ಸಲ ಹೇಳಿ ಅಂತ್ರ್!" ಎಂದು ಪದ್ದಣ್ಣ ವರದಿ ಒಪ್ಪಿಸಿದಾಗ ನಾನೂ ನಕ್ಕೆ. ನಗಬೇಕಿತ್ತೋ ಬೇಡವೋ ತಿಳಿಯಲಿಲ್ಲ. ಬ್ಯಾಂಕಿನ ವರ್ಗಾವಣೆಯಲ್ಲಿ ಅಲ್ಲಿನ ವಸ್ತ್ರಾಪುರ ಬಡಾವಣೆಗೆ ಬಂದು ಅವರ ಎದುರುಮನೆಯಲ್ಲಿದ್ದಷ್ಟು ವರ್ಷವೂ ನನ್ನದು ಇದೇ ಫಜೀತಿ.

ಪದ್ದಣ್ಣ ಕುಂದಾಪುರದ ಕಡೆಯವರು. ಸೂರತ್ತಿನ ಹತ್ತಿರ ಸಚಿನ್ ಎಂಬಲ್ಲಿದ್ದ ಮಾವನ ಉಡುಪಿ ಹೋಟೆಲಿಗೆ ದೋಸೆ ಹುಯ್ಯಲು ಬಂದು, ಗಿರಾಕಿಗಳನ್ನು ಅಣಕಿಸುವುದರಲ್ಲಿ ಹೆಸರಾದರು. ಊಟಕ್ಕೆ ಬಂದ ವಡೋದರಾದ ನಾಟಕ ಕಂಪನಿಯೊಂದು ಅವರನ್ನು ಎತ್ತಿಕೊಂಡೇ ಹೋಯಿತು. ಅಲ್ಲಿ ವೇಷಭೂಷಣ ಹೊಲಿಯುತ್ತಿದ್ದ ಹಂಸಾಬೆನ್ನರನ್ನು ಮದುವೆಯಾದರು. ಮುಂದೆ ಅಹಮದಾಬಾದಿನ ಟೀವಿ: ಧಾರಾವಾಹಿ, ಸಾಬೂನಿನ ಜಾಹೀರಾತು, ಮಕ್ಕಳ ಕಾರ್ಯಕ್ರಮದಲ್ಲಿ ಮಾತಾಡುವ ಒಂಟೆ, ಕೊನೆಗೆ ಹಾಸ್ಯ ಸ್ಪರ್ಧೆಯ ತೀರ್ಪುಗಾರ. ಗುಜರಾತಿಯನ್ನು ನೀರು ಕುಡಿದಂತೆ ಆಡುತ್ತಿದ್ದ ಮನುಷ್ಯನಿಗೆ ಹೆಚ್ಚಾಗಿ ಸಿಕ್ಕಿದ್ದು ಹರಕುಮುರುಕು ಗುಜರಾತಿಯ ‘ಮದ್ರಾಸಿ’ ಪಾತ್ರ. ಬೇಸರವಿಲ್ಲವೇ ಎಂದರೆ, "ಬೇಜಾರ್ ಮಾಡ್ಕಂಡ್ರೆ ಅದ್ಕೂ ನಗಾಡ್ತ್ರ್" ಎನ್ನುತ್ತಿದ್ದರು.

ಗುಜರಾತಿನಲ್ಲಿ ಸಾವಾದ ಮನೆಯವರು ‘ಬೇಸಣು’ ಇಡುತ್ತಾರೆ. ಬಿಳಿಬಟ್ಟೆಯಲ್ಲಿ ಬಂದವರು ಫೋಟೋಗೆ ಹೂ ಹಾಕಿ, ಕೈಮುಗಿದು, ತುಸು ಹೊತ್ತು ಕೂತು ಏಳಬೇಕು, ಊಟಗೀಟ ಇಲ್ಲ. ಧಾರಾವಾಹಿಯೊಂದರಲ್ಲಿ ಈ ಮದ್ರಾಸಿ ಇದನ್ನು ನಮ್ಮ ಕಡೆ ಉತ್ತರಕ್ರಿಯೆಗೆ ಹಾಕುವ ಬೊಜ್ಜದ ಊಟವೆಂದುಕೊಂಡು ಏಳುವುದೇ ಇಲ್ಲ. ಕಣ್ಣೊರೆಸುತ್ತ ಅಡುಗೆಮನೆಯತ್ತ ಕತ್ತು ಉದ್ದ ಮಾಡುತ್ತಾನೆ. ಹೊಸದಾಗಿ ಬಂದಾಗ ತಾವೇ ಮಾಡಿದ್ದ ಎಡವಟ್ಟನ್ನು ಪದ್ದಣ್ಣ ಕತೆಗಾರನಿಗೆ ಹೇಳಿಕೊಟ್ಟಿದ್ದರಂತೆ. ಅವರನ್ನು ಮನೆಮನೆಗೆ ಮುಟ್ಟಿಸಿದ್ದು ಆ ದೃಶ್ಯವೇ.

ಆಮೇಲೆ ಒಂದು ದಿನ ಹಂಸಾಬೆನ್ ತೀರಿಕೊಂಡರು.

ಬೇಸಣುವಿಗೆ ಜನವೋ ಜನ. ಫೋಟೋದ ಪಕ್ಕ ಬಿಳಿ ಜುಬ್ಬಾದಲ್ಲಿ ಕೂತ ಪದ್ದಣ್ಣ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನ ಹಿರಿಯರೊಬ್ಬರ ಭುಜ ಕುಲುಕಿತು. ಅಳು ಇರಬೇಕೆಂದುಕೊಂಡೆ. ಅಷ್ಟರಲ್ಲಿ ಪಕ್ಕದವರು ಬಾಯಿಗೆ ಕರವಸ್ತ್ರ ತುರುಕಿಕೊಂಡು ಹೊರಗೋಡಿದರು. ನನ್ನ ತುಟಿಯೂ ಅಲುಗಿತೆಂದರೆ ಏನು ಹೇಳಲಿ? ಪದ್ದಣ್ಣ ಎಲ್ಲವನ್ನೂ ಕಂಡರು. ಮತ್ತೆ ಕಣ್ಣಿಗೆ ಕೈ ಒಯ್ಯಲಿಲ್ಲ. ಮುಗಿಯುವವರೆಗೂ ಗೋಡೆ ನೋಡುತ್ತ ಕೂತರು.

ಎಲ್ಲರೂ ಹೋದ ಮೇಲೆ ನನ್ನ ಕೈ ಹಿಡಿದುಕೊಂಡರು. "ಅವ್ರದ್ದೆಂತ ತಪ್ಪಿಲ್ಲೆ, ಕಲ್ಸದ್ದ್ ನಾನೇ ಅಲ್ದಾ? ಆದ್ರೆ ಅವ್ಳಿಗೋಸ್ಕರ ನಂಗೆ ಒಂದ್ ಸಲ ಸಮಾ ಅಳ್ಕ್ ಮಾರಾಯ್ರೆ. ನಿಮ್ಮನೆಗೆ ಬರ್ಲಾ? ನಿಮ್ಮಮ್ಮ ಟೀವಿ ಕಾಂಬುದಿಲ್ಲೆ ಅಲ್ದಾ?"

ನನ್ನ ತಾಯಿ ಊರಿನಿಂದ ಬಂದಿದ್ದರು. ಗುಜರಾತಿ ಒಂದಕ್ಷರ ಬಾರದು. ಪದ್ದಣ್ಣ ಅದೇ ಸಂಜೆ ಬಂದರು. ಸ್ವಲ್ಪ ದಿನಕ್ಕೇ ನನಗೆ ವರ್ಗವಾಯಿತು, ಮರುವರ್ಷ ಪದ್ದಣ್ಣನೂ ತೀರಿಕೊಂಡ ಸುದ್ದಿ ಬಂತು. ಹಾಗಾಗಿ ಅವರು ನಮ್ಮ ಮನೆಗೆ ಬಂದದ್ದು ಅದೇ ಕೊನೆ.

ಆ ಸಂಜೆ ಅಮ್ಮ ಅವರ ಬೆನ್ನ ಮೇಲೆ ಕೈಯಿಟ್ಟು, "ಹೆಂಡ್ತಿ ಹ್ಯಾಂಗಿದ್ದಿದ್ರ್ ಮಗಾ?" ಎಂದು ಕೇಳಿದರು. ಪದ್ದಣ್ಣ ಬಾಯಿಬಿಟ್ಟು ಅತ್ತರು. ಅಮ್ಮನೂ ಅತ್ತರು. ಪದ್ದಣ್ಣನ ಧಾರಾವಾಹಿ ಒಂದನ್ನೂ ಬಿಡದೆ ನೋಡಿದ್ದ ನಾನು ಬಾಗಿಲಲ್ಲಿ ನಿಂತು, ನಗುವ ಜಾಗ ಈಗ ಬಂತು, ಈಗ ಬಂತು ಎಂದು ಕಾಯುತ್ತಲೇ ಇದ್ದೆ.