ಚಾಚಿಯ ಮುಯ್ಯಾಳು

ತೊಗರಿಯ ಕುಡಿ ಚಿವುಟಿದ ಬೆರಳಿಗೆ ಒಂದು ಹಸಿ ವಾಸನೆ ಅಂಟುತ್ತದೆ. ಎಷ್ಟು ತೊಳೆದರೂ ರೊಟ್ಟಿ ಮುರಿಯುವಾಗ ಮತ್ತೆ ಬರುತ್ತದೆ. ಇವತ್ತು ಪಾಮನಕಲ್ಲೂರಿನ ನಮ್ಮ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದಾಗ ಬಂತು. ಜೊತೆಗೇ ಬಾಜೂ ಹೊಲದ ಚಾಚಿಯ ನೆನಪೂ...

ಕೆಲವು ವರ್ಷಗಳ ಹಿಂದೆ ನಾನೂ ಚಾಚಿಯೂ ಸಿಂಧನೂರಿಗೆ ಕೃಷಿ ತರಬೇತಿಗೆ ಹೋಗಿದ್ದೆವು. ತೊಗರಿ ಮೊಣಕಾಲು ದಾಟಿದ ಮೇಲೆ ತುದಿ ಚಿವುಟಿದರೆ ಪಕ್ಕದಲ್ಲಿ ಟೊಂಗೆ ಒಡೆದು ಕಾಯಿ ಹೆಚ್ಚು ಹಿಡಿಯುತ್ತದೆ ಎಂದರು. ಎಲ್ಲರೂ ತಲೆಯಾಡಿಸಿ, ಉಂಡು, ಬಸ್ಸು ಹತ್ತಿದೆವು. ಮನೆಯಲ್ಲಿ ಹೇಳಿದರೆ ಅತ್ತೆ ಕಣ್ಣು ಕೆಂಪು ಮಾಡಿದಳು.

“ಚಲೋ ಬರಾಕತ್ತಿದ ಬೆಳಿ ನೆತ್ತಿ ಮುರಿತೀಯೇನ? ವರ್ಷಕ್ಕ ಇದೊಂದ ಪೀಕು ನಮಗ.”

ಅವಳದೂ ಸುಳ್ಳಲ್ಲ. ಕಾಲುವೆ ಸೀಮೆಯವರ ಹಾಗೆ ನಮಗೆ ಎರಡನೇ ಬೆಳೆಯಿಲ್ಲ. ಇದು ಕೈಕೊಟ್ಟರೆ ಆ ವರ್ಷ ಮುಗಿದಂತೆಯೇ. ನಾನು ಚಿವುಟುವ ಯೋಚನೆ ಬಿಟ್ಟೆ.

ಮರುದಿನ ಬೆಳಿಗ್ಗೆ ಚಾಚಿ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂಲಿಯಿಲ್ಲದೆ ಒಬ್ಬರ ಹೊಲದಲ್ಲಿ ಒಬ್ಬರು ದುಡಿಯುವ ಮುಯ್ಯಾಳು ನಮ್ಮಲ್ಲಿ ಕಳೆ ತೆಗೆಯಲಿಕ್ಕಿತ್ತು. ಅವಳು ಅದನ್ನು ಕುಡಿ ಚಿವುಟಲಿಕ್ಕೂ ಹಚ್ಚಿದಳು.

“ಇವತ್ತು ನಿನ್ನ ಹೊಲ, ನಾಳಿ ನಂದು. ಒಬ್ಬಾಕಿ ಮಾಡಿದ್ರ ಬೈತಾರ. ಇಬ್ರು ಕೂಡಿ ಮಾಡಿದ್ರ ಬೈಯೋರಿಗೇ ಬ್ಯಾಸರಾಕ್ಕೈತಿ, ನಡಿ.”

ನಾನು ಯಾರಿಗೂ ಕಾಣದ ಮೂಲೆಗೆ ಹೊರಟರೆ ಕೈಹಿಡಿದು ರಸ್ತೆ ಬದಿಗೆ ಎಳೆದಳು. “ಮೂಲ್ಯಾಗ ಮಾಡಿದ್ರ ಯಾರ್ ನೋಡ್ತಾರ? ಒಂದು ಸಾಲು ಚಿವುಟು, ಬಾಜೂದು ಹಂಗ ಬಿಡು. ನಿಮ್ಮತ್ತಿ ತಾನ ನೋಡ್ಲಿ.”

ಮಸ್ಕಿ ಬಸ್ಸಿನವರು ಕಿಟಕಿಯಿಂದ ನಕ್ಕರು. ನೆಲದ ಮೇಲೆ ಬಿದ್ದ ಕುಡಿಗಳ ಮೇಲೆ ನಾನು ಮಣ್ಣೆಳೆದೆ. ಆದರೆ ಹೂವಿನ ಹೊತ್ತಿಗೆ ಚಿವುಟಿದ ಸಾಲು ಹರಡಿ ಕಾಲಿಡಲು ಜಾಗವಿರಲಿಲ್ಲ. ಬಿಟ್ಟ ಸಾಲು ಸಣಕಲಾಗಿ ನೆಟ್ಟಗೆ ನಿಂತಿತ್ತು. ಮರುವರ್ಷ ಕುಡಿ ಚಿವುಟಲು ಅತ್ತೆ ನಮಗಿಂತ ಮೊದಲೇ ಹೊಲದಲ್ಲಿದ್ದಳು!

ಹೋದ ವರ್ಷ ನನ್ನ ಹೊಲ ಮುಗಿಸಿ “ನಾಳಿ ನಂದು” ಅಂದು ಹೋದ ಚಾಚಿ ಹಾಸಿಗೆ ಹಿಡಿದಳು, ಮತ್ತೆ ಏಳದೆಯೇ ಹೋಗಿಬಿಟ್ಟಳು... ಅವಳ ಹೊಲವನ್ನು ಅಳುತ್ತಲೇ ಚಿವುಟಿ ಬಂದೆ. ಮುಯ್ಯಿ ತೀರಿತು ಅಂತ ಮಾತ್ರ ಅನಿಸಲಿಲ್ಲ.

ಇವತ್ತು ಒಬ್ಬಳೇ ಕೂತು ಉಂಡೆ. ಹಿಂದಿನ ಓಣಿಗೆ ಮುಕ್ಕುಂದದಿಂದ ಬಂದ ಹೊಸ ಸೊಸೆ ಮೊನ್ನೆ ತರಬೇತಿ ಮುಗಿಸಿ ಬಂದಿದ್ದಾಳೆ. ಮನೆಯವರ ಬೈಗುಳಕ್ಕೆ ಹೆದರಿ ಸುಮ್ಮನಿದ್ದಾಳಂತೆ. ನಾಳೆ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಅವಳ ಬಾಗಿಲಿಗೆ ಹೋಗುತ್ತೇನೆ. ಶುರು ಮಾಡುವುದು ರಸ್ತೆ ಬದಿಯ ಸಾಲಿನಿಂದಲೇ.